ಕೈ ಎತ್ತೋಕಾಗಲ್ಲ ಅಂದರೆ ಕುತ್ತಿಗೆಗೆ ಎಂಆರ್‌ಐ ಯಾಕೆ?

ಬಲಗೈ ಮೇಲೆತ್ತೋಕಾಗ್ತಿಲ್ಲ, ಭುಜದ ಎಕ್ಸ್‌ರೇ ನಾರ್ಮಲ್, ಆದರೂ ಡಾಕ್ಟರು ಕುತ್ತಿಗೆಗೆ ಎಂಆರ್‌ಐ ಬರೆದಿದ್ದಾರೆ, ಮಾಡಿಸಲೇಬೇಕಾ ಅಂತ ಕೇಳಿದ್ದೀರಿ. ನಾನು ಫಿಸಿಯೋಥೆರಪಿಸ್ಟ್. ನಿಮ್ಮನ್ನು ನೋಡದೆ ಇಂಥದ್ದೇ ಅಂತ ಹೇಳಲಾರೆ, ಆದರೆ ಡಾಕ್ಟರ ಅನುಮಾನ ಸುಮ್ಮನೆ ಬಂದದ್ದಲ್ಲ.

ಕೈಯನ್ನು ಪಕ್ಕಕ್ಕೆ ಎತ್ತುವ ಸ್ನಾಯುಗಳಿಗೆ ನರ ಬರುವುದೇ ಕುತ್ತಿಗೆಯಿಂದ, ಮುಖ್ಯವಾಗಿ 5 ಮತ್ತು 6ನೇ ನರಬೇರುಗಳಿಂದ. ಅಲ್ಲಿ ಡಿಸ್ಕ್ ಜಾರಿಯೋ ಮೂಳೆ ಬೆಳೆದೋ ನರ ಒತ್ತಿದರೆ, ಭುಜದ ಕೀಲು ಚೆನ್ನಾಗಿದ್ದರೂ ನೋವು ಭುಜದಲ್ಲೇ ಕಾಣುತ್ತೆ, ಕೈಯ ಬಲವೂ ಕುಗ್ಗುತ್ತೆ.

ಹೊಲಿಗೆ ಕೆಲಸದ ಒಬ್ಬ ತಾಯಿ ನನ್ನ ಹತ್ತಿರ ಬಂದಿದ್ದರು. ಭುಜ ಹಿಡಿದುಕೊಂಡಿದೆ ಅಂತ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡಿದ್ದರು. ಮಾತಾಡುತ್ತಲೇ ಎಡಗೈಯಿಂದ ಬಲಗೈ ಎತ್ತಿ ನೆತ್ತಿ ಮೇಲೆ ಇಟ್ಟುಕೊಂಡರು. "ಹಿಂಗಿಟ್ಟರೆ ಹಾಯಾಗುತ್ತೆ ಸಾರ್, ರಾತ್ರಿನೂ ಹಿಂಗೇ ಮಲಗ್ತೀನಿ." ಭುಜದ ಕೀಲೇ ಕೆಟ್ಟಿದ್ದವರಿಗೆ ಆ ಭಂಗಿಯಲ್ಲಿ ಸಾಮಾನ್ಯವಾಗಿ ನೋವು ಹೆಚ್ಚುತ್ತೆ, ಇವರಿಗೆ ನರದ ಎಳೆತ ಸಡಿಲವಾಗಿ ಆರಾಮ ಸಿಗುತ್ತಿತ್ತು. ತಾವಾಗಿ ಎತ್ತಿದರೆ ಕೈ ಭುಜದ ಮಟ್ಟ ದಾಟದು, ನಾನು ಎತ್ತಿದರೆ ಕಿವಿಯವರೆಗೂ ಸಲೀಸಾಗಿ ಹೋಯಿತು. ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲೇ ಬಿಗಿದು ಹಿಡಿದುಕೊಳ್ಳುವ ತೊಂದರೆ ಆಗಿದ್ದರೆ ಯಾರು ಎತ್ತಿದರೂ ಹೋಗುತ್ತಿರಲಿಲ್ಲ. ಭುಜದ ಸ್ನಾಯು ಹರಿದಾಗಲೂ ಹೀಗಾಗಬಹುದು, ಅದಕ್ಕೇ ಕೈಯಲ್ಲಿ ಮುಟ್ಟಿ ಪರೀಕ್ಷೆ ಮಾಡಿ, ಬೇಕಾದರೆ ಸ್ಕ್ಯಾನ್ ನೋಡಬೇಕು. ಅವರಿಗೆ ತೊಂದರೆ ಇದ್ದದ್ದು ಕುತ್ತಿಗೆಯಲ್ಲಿ.

ನರ ಒತ್ತದಿದ್ದರೂ ಕುತ್ತಿಗೆ ಅಡ್ಡ ಬರಬಹುದು. ಕೈ ಪೂರ್ತಿ ಮೇಲೆ ಹೋಗುವುದರಲ್ಲಿ ಸುಮಾರು ಮೂರನೇ ಒಂದು ಪಾಲು ಹೆಗಲಹಲಗೆ (ಭುಜದ ಹಿಂದಿನ ಚಪ್ಪಟೆ ಮೂಳೆ) ತಿರುಗುವುದರಿಂದ ಬರುತ್ತೆ. ಕುತ್ತಿಗೆಯಿಂದ ಅದಕ್ಕೆ ಇಳಿಯುವ ಸ್ನಾಯುಗಳು ಬಿಗಿದರೆ ಅದು ಸರಿಯಾಗಿ ತಿರುಗಲ್ಲ. ಕುತ್ತಿಗೆ, ಭುಜ ಎರಡರಲ್ಲೂ ತೊಂದರೆ ಇರುವವರನ್ನೂ ನೋಡಿದ್ದೇನೆ.

ತಲೆ ಮೇಲೆತ್ತಿ ಬಲಕ್ಕೆ ತಿರುಗಿದಾಗ ನೋವು ತೋಳಿಗಿಳಿಯುತ್ತಾ, ಹೆಬ್ಬೆರಳು ಜುಮುಗುಡುತ್ತಾ ಅಂತ ಗಮನಿಸಿ ಡಾಕ್ಟರಿಗೆ ಹೇಳಿ. ರಿಪೋರ್ಟಿನಲ್ಲಿ ಡಿಸ್ಕ್ ಸವೆತ ಅಂತಿದ್ದರೆ ಗಾಬರಿಯಾಗಬೇಡಿ, 40 ದಾಟಿದವರಲ್ಲಿ ನೋವಿಲ್ಲದಿದ್ದರೂ ಅದು ಕಾಣುವುದು ಸಾಮಾನ್ಯ. ಸಲೂನಿನಲ್ಲಿ ಕುತ್ತಿಗೆ ಲಟಕ್ ಅನ್ನಿಸುವುದು ಮಾತ್ರ ದಯವಿಟ್ಟು ಬೇಡ. ಶರ್ಟಿನ ಗುಂಡಿ ಹಾಕೋಕೆ ಬೆರಳು ತಡವರಿಸಿದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.