34 ದಿನದ ಬಾಕಿ

(ಹುಡುಗಿ ಮತ್ತು ಅವಳ ಅಪ್ಪ ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ, ಲೆಕ್ಕದ ಅಂಕಿಗಳನ್ನೂ ತುಸು ಅತ್ತಿತ್ತ ಮಾಡಿದ್ದೇನೆ.)

ಕಾಲೇಜು ಮಕ್ಕಳಿಗೆ ಉದ್ಯೋಗದ ಸಲಹೆ ಕೊಡುವುದು ನನ್ನ ಕೆಲಸ. ಸಂಕ್ರಾಂತಿ ಮುಗಿದ ವಾರ ಈ ಹುಡುಗಿ ಬಂದಳು. ಎರಡನೇ ವರ್ಷದ ಬಿ.ಕಾಂ. ಜೊತೆಗೆ ಅಪ್ಪ. ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ವ್ಯಾಪಾರಿಯೊಬ್ಬರ ಹತ್ತಿರ ಅವರು 22 ವರ್ಷದಿಂದ ಗುಮಾಸ್ತರು. ಕುರ್ಚಿ ಎಳೆದುಕೊಳ್ಳುವ ಮೊದಲೇ ಮಾತು ಶುರು ಮಾಡಿದರು.

"ನೋಡ್ರಿ ಮೇಡಂ, ರಾತ್ರಿ ಎರಡಾದ್ರೂ ಮೊಬೈಲ್ ಹಿಡ್ಕಂಡು ಕುಂತಿರ್ತಾಳೆ. ಉಣ್ಣಾಕೆ ಕರೆದ್ರೆ ಸಿಟ್ಟು. ಏನವ್ವ ಅಂದ್ರೆ ಇಂಟರ್ನ್‌ಶಿಪ್ ಅಂತಾಳೆ. ಪಗಾರ ಐತೇನು ಅಂದ್ರೆ ಗೊತ್ತಿಲ್ಲ ಅಂತಾಳೆ. ಬ್ಯಾಂಕ್ ಎಗ್ಜಾಮಿಗೆ ಓದು ಅಂದ್ರೆ ಮುಖ ತಿರುಗಿಸ್ತಾಳೆ."

ಅವರನ್ನು ಚಹಾ ಕುಡಿದು ಬನ್ನಿ ಅಂತ ಕೆಳಗೆ ಕಳಿಸಿದೆ. ಬಾಗಿಲು ಮುಚ್ಚಿದ್ದೇ ತಡ, ಹುಡುಗಿ ಅತ್ತಳು. ಇಂಟರ್ನ್‌ಶಿಪ್‌ಗೆ, ಅಂದರೆ ಓದುವಾಗಲೇ ಕೆಲಸ ಕಲಿಯಲು, ಅಕ್ಟೋಬರ್‌ನಿಂದ 63 ಕಡೆ ಅರ್ಜಿ ಹಾಕಿದ್ದಾಳೆ. ಇನ್ವೆಸ್ಟ್‌ಮೆಂಟ್ ಬ್ಯಾಂಕ್, ಕನ್ಸಲ್ಟಿಂಗ್ ಕಂಪನಿ, ಹೆಸರು ಕೇಳಿದ ಎಲ್ಲ ಕಡೆ. ಉತ್ತರ ಬಂದದ್ದು ಒಂದೇ ಕಡೆಯಿಂದ. ಅದೂ 12,000 ರೂಪಾಯಿ ಕಟ್ಟಿದರೆ "ಫೈನಾನ್ಸ್ ಇಂಟರ್ನ್‌ಶಿಪ್" ಸರ್ಟಿಫಿಕೇಟ್ ಕೊಡುತ್ತೇವೆ ಅಂತ. ಅಮ್ಮನ ಚೀಟಿ ದುಡ್ಡು ಕೇಳಿ ಕಟ್ಟೋಣವಾ ಬೇಡವಾ ಎಂಬುದೇ ಅವತ್ತಿನ ಪ್ರಶ್ನೆ.

ಬೇಡ ಅಂದೆ. ಇಡೀ ಸಲಹೆಯಲ್ಲಿ ಯೋಚನೆ ಮಾಡದೆ ಕೊಟ್ಟದ್ದು ಅದೊಂದೇ. ಕೆಲಸ ಕೊಡುವವರು ದುಡ್ಡು ಕೊಡಬಹುದು, ಕೊಡದೆಯೂ ಇರಬಹುದು. ಆದರೆ ನಮ್ಮಿಂದ ಇಸಕೊಳ್ಳುವವರು ಕೊಡುತ್ತಿರುವುದು ಕೆಲಸವಲ್ಲ, ಕಾಗದ.

ಆ ಮೊದಲ ದಿನ ನಾನೂ ಒಂದು ತಪ್ಪು ಮಾಡಿದೆ. ಅವಳ ರೆಸ್ಯೂಮೆ ಸರಿಯಾಗಿ ಓದುವ ಮೊದಲೇ ಎನ್‌ಐಎಸ್‌ಎಂನ ರಿಸರ್ಚ್ ಅನಲಿಸ್ಟ್ ಪರೀಕ್ಷೆ ಬರಿ ಅಂದುಬಿಟ್ಟೆ. ಷೇರು ಮಾರುಕಟ್ಟೆ ನಿಯಂತ್ರಿಸುವ ಸೆಬಿ ಹುಟ್ಟುಹಾಕಿದ ಸಂಸ್ಥೆಯ ಪರೀಕ್ಷೆ ಅದು, ಷೇರು ಮಾರುಕಟ್ಟೆ ಕಡೆ ಹೋಗುವವರಿಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಈ ಹುಡುಗಿಯ ಹತ್ತಿರ ಆಗಲೇ 11 ಆನ್‌ಲೈನ್ ಸರ್ಟಿಫಿಕೇಟ್ ಇದ್ದವು. ಹನ್ನೆರಡನೆಯದು ಅವಳ ರೋಗಕ್ಕೆ ಮದ್ದಾಗಿರಲಿಲ್ಲ. ಏನೋ ಒಂದು ಹೇಳಿ ಕಳಿಸುವ ಆತುರ ನನ್ನದು. ಎರಡನೇ ಭೇಟಿಯಲ್ಲಿ ಆ ಮಾತು ವಾಪಸ್ ತಗೊಂಡೆ.

ರೆಸ್ಯೂಮೆ ಎರಡು ಪುಟ ಇತ್ತು. ಮೇಲೆ ಫೋಟೋ, ಅಪ್ಪನ ಹೆಸರು, ಹುಟ್ಟಿದ ದಿನ, ಅವಿವಾಹಿತೆ ಎಂಬ ಘೋಷಣೆ. ಕಂಪನಿಯ ಬೆಳವಣಿಗೆಗೆ ತನ್ನ ಕೌಶಲ್ಯ ಧಾರೆಯೆರೆಯುವ ಸಂಕಲ್ಪ. ಆಮೇಲೆ 11 ಸರ್ಟಿಫಿಕೇಟ್. ಕೊನೆಗೆ ಹವ್ಯಾಸ: ಸಂಗೀತ ಕೇಳುವುದು. ಈ ರೆಸ್ಯೂಮೆಯನ್ನು ನಾನು ವರ್ಷಕ್ಕೆ ನೂರು ಸಲ ನೋಡುತ್ತೇನೆ. ಹೆಸರು ಮಾತ್ರ ಬೇರೆ ಇರುತ್ತದೆ.

"ರಜೆಯಲ್ಲಿ ಏನು ಮಾಡ್ತೀಯಾ?" ಅಂತ ಕೇಳಿದೆ.

"ಏನಿಲ್ಲ ಮೇಡಂ. ಅಪ್ಪ ಕೆಲಸ ಮಾಡೋ ಅಂಗಡಿಗೆ ಹೋಗ್ತೀನಿ. ಸುಗ್ಗಿ ಟೈಮಲ್ಲಿ ಲೆಕ್ಕ ಬರೆಯೋಕೆ ಜನ ಸಾಲಲ್ಲ."

"ಎಷ್ಟು ವರ್ಷದಿಂದ?"

"ಪಿಯುಸಿಯಿಂದ. ಮೂರು ಸುಗ್ಗಿ ಆಯ್ತು."

"ಇದನ್ನ ಯಾಕೆ ಇದರಲ್ಲಿ ಬರೆದಿಲ್ಲ?"

ಅವಳು ನನ್ನ ಮುಖ ನೋಡಿದಳು. ಮಂಡಿಯಲ್ಲಿ ತೂಕದ ಚೀಟಿ ಬರೆಯೋದನ್ನ ಗೋಲ್ಡ್‌ಮನ್ ಸ್ಯಾಕ್ಸ್‌ನಂಥ ದೊಡ್ಡ ಇನ್ವೆಸ್ಟ್‌ಮೆಂಟ್ ಬ್ಯಾಂಕಿನವರಿಗೆ ಹೇಳೋಕಾಗುತ್ತಾ ಅನ್ನುವ ನೋಟ. "ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ ಮೇಡಂ" ಅಂತಲೂ ಸೇರಿಸಿದಳು. ಕೇಳಿದ್ದಕ್ಕೂ ಹೇಳಿದ್ದಕ್ಕೂ ಮೇಲ್ನೋಟಕ್ಕೆ ಸಂಬಂಧವಿಲ್ಲ. ಅವಳ ಮನಸ್ಸಿನಲ್ಲಿ ಮಾತ್ರ ಅವೆರಡೂ ಒಂದೇ ಗಂಟು. ಮಂಡಿ, ಕನ್ನಡ, ಗುಮಾಸ್ತ ಅಪ್ಪ. ಬೆಂಗಳೂರಿನವರ ಮುಂದೆ ಬಿಚ್ಚಬಾರದ ಗಂಟು.

ಮುಂದಿನ ಭೇಟಿಗೆ ಒಂದು ಕೆಲಸ ಕೊಟ್ಟೆ. ಯಜಮಾನರನ್ನು ಕೇಳಿ, ಒಪ್ಪಿದರೆ, ಹೋದ ಸುಗ್ಗಿಯ ಖಾತೆ ಪುಸ್ತಕದಿಂದ ಮೂರೇ ಕಾಲಂ ಎಕ್ಸೆಲ್‌ಗೆ ಇಳಿಸಿಕೊಂಡು ಬಾ: ಲಾರಿ ಹೋದ ದಿನ, ಕ್ವಿಂಟಲ್ ದರ, ದುಡ್ಡು ಬಂದ ದಿನ.

ಯಾರ್ಡು ಗೊತ್ತಿಲ್ಲದವರಿಗೆ ಒಂದು ಮಾತು. ರೈತನಿಗೆ ದುಡ್ಡು ಬೇಗ ಕೊಡಬೇಕು. ಅದೇ ಜೋಳ ಕೋಳಿ ಆಹಾರದ ಫ್ಯಾಕ್ಟರಿಗೆ ಹೋಗಿ ಅಲ್ಲಿಂದ ದುಡ್ಡು ಬರುವುದು ದಿನಗಟ್ಟಲೆ ತಡ. ನಡುವಿನ ಅಷ್ಟೂ ದಿನ ಬಡ್ಡಿ ಓಡುತ್ತಿರುತ್ತದೆ. ಪುಸ್ತಕದಲ್ಲಿ ವರ್ಕಿಂಗ್ ಕ್ಯಾಪಿಟಲ್ ಅಂತ ಅವಳು ಬಾಯಿಪಾಠ ಮಾಡಿದ್ದು ಇದನ್ನೇ.

ಹತ್ತು ದಿನ ಬಿಟ್ಟು ಬಂದವಳ ಹಾಳೆಯಲ್ಲಿ ಇಬ್ಬರು ಖರೀದಿದಾರರು ಎದ್ದು ಕಾಣುತ್ತಿದ್ದರು. ಒಬ್ಬರು ಕ್ವಿಂಟಲ್‌ಗೆ 2,200 ಕೊಟ್ಟು 12 ದಿನಕ್ಕೆ ದುಡ್ಡು ಹಾಕುತ್ತಾರೆ. ಇನ್ನೊಬ್ಬರು 2,220 ಕೊಡುತ್ತಾರೆ, ಆದರೆ 34 ದಿನ. ಅಂಗಡಿಯವರಿಗೆ 20 ರೂಪಾಯಿ ಹೆಚ್ಚು ಕೊಡುವವರ ಮೇಲೇ ಪ್ರೀತಿ.

"ಯಜಮಾನರು ಬಡ್ಡಿಗೆ ತಂದರೆ ಎಷ್ಟಕ್ಕೆ ತರ್ತಾರೆ?"

"ಒಂದೂವರೆ ರೂಪಾಯಿ ಬಡ್ಡಿ."

"ಹಾಕು ಲೆಕ್ಕ."

ಕ್ಯಾಲ್ಕುಲೇಟರ್ ಮುಟ್ಟಲಿಲ್ಲ. 2,200ಕ್ಕೆ ತಿಂಗಳಿಗೆ 33 ರೂಪಾಯಿ, ದಿನಕ್ಕೆ 1 ರೂಪಾಯಿ 10 ಪೈಸೆ. ಹೆಚ್ಚಿಗೆ ಕಾಯುವುದು 22 ದಿನ, ಅಂದರೆ 24 ರೂಪಾಯಿ 20 ಪೈಸೆ. ಪೆನ್ನು ನಿಂತಿತು. 20 ರೂಪಾಯಿ ಹೆಚ್ಚು ಕೊಡುವವನಿಂದ ಕ್ವಿಂಟಲ್‌ಗೆ 4 ರೂಪಾಯಿ 20 ಪೈಸೆ ಲುಕ್ಸಾನು. 250 ಕ್ವಿಂಟಲ್ ಲಾರಿಗೆ 1,050.

ಓಡಿಹೋಗಿ ಯಜಮಾನರಿಗೆ ತೋರಿಸಿದ್ದಾಳೆ. ಅವರು ನಕ್ಕರಂತೆ. "ಹನ್ನೆರಡು ದಿನದವನು ತೇವ ಹದಿನಾಲ್ಕರ ಮೇಲೆ ಒಂದು ಪಾಯಿಂಟ್ ಹೋದ್ರೂ ಲಾರಿ ವಾಪಸ್ ಕಳಿಸ್ತಾನೆ. ಆ ಬಾಡಿಗೆ ನಿನ್ನ ಲೆಕ್ಕದಾಗೆ ಎಲ್ಲೈತವ್ವ? ಮೂವತ್ತನಾಲ್ಕು ದಿನದವನು ಇವತ್ತಿನ ತನಕ ಒಂದು ಲಾರಿ ವಾಪಸ್ ಕಳಿಸಿಲ್ಲ."

ಮುಖ ಸಣ್ಣ ಮಾಡಿಕೊಂಡು ಬಂದಳು. ನನಗೋ ಒಳಗೊಳಗೇ ಖುಷಿ. ಕನ್ಸಲ್ಟಿಂಗ್ ಅಂದರೆ ಕಂಪನಿಗಳಿಗೆ ಸಲಹೆ ಕೊಡುವುದು ಅಂತ ಮೊದಲ ದಿನ ಹೇಳಿದ್ದಳು. ಮೂವತ್ತು ವರ್ಷ ವ್ಯಾಪಾರ ಮಾಡಿದವನು ನಿನ್ನ ಸಲಹೆ ಯಾಕೆ ಕೇಳಬೇಕು ಅಂತ ನಾನು ಕೇಳಿದಾಗ ಸುಮ್ಮನಾಗಿದ್ದಳು. ಆ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಈಗ ತೆರೆದಿತ್ತು. ಮತ್ತೆ ಪುಸ್ತಕಕ್ಕೆ ಹೋಗು ಅಂದೆ. ವಾಪಸ್ ಬಂದ ಲಾರಿಗೆ ಬಾಡಿಗೆ, ಹಮಾಲಿ, ಒಣಗಿಸುವ ಕೂಲಿ ಎಲ್ಲ ಸೇರಿ 15,000 ಬೀಳುತ್ತದೆ. ಲಾರಿಗೆ 1,050ರಂತೆ 14 ಲಾರಿಯಲ್ಲಿ ಉಳಿಯುವುದೂ ಹತ್ತಿರ ಹತ್ತಿರ ಅಷ್ಟೇ. ಅಂದರೆ 14 ಲಾರಿಗೆ ಒಂದು ವಾಪಸ್ ಬಂದರೆ ಇಬ್ಬರೂ ಸರಿಸಮ. ಹೋದ ಸುಗ್ಗಿಯಲ್ಲಿ 12 ದಿನದವನ ಕಡೆ ಹೋದದ್ದು 41 ಲಾರಿ, ವಾಪಸ್ ಬಂದದ್ದು 2. ಎರಡೂ ಮಳೆ ಬಿಡದ ಅಕ್ಟೋಬರ್-ನವೆಂಬರ್‌ನವು. ಹಾಗಾದರೆ ಮೊದಲು ಬರುವ ಹಸಿ ಮಾಲು 34 ದಿನದವನಿಗೆ, ಡಿಸೆಂಬರ್ ಆದಮೇಲಿನ ಒಣ ಮಾಲು 12 ದಿನದವನಿಗೆ. ಈ ಸಲ ಯಜಮಾನರು ನಗಲಿಲ್ಲ. "ನೋಡಣ" ಅಂದರಂತೆ. ಯಾರ್ಡಿನಲ್ಲಿ ಅದು ದೊಡ್ಡ ಮಾತು.

ಇದನ್ನು ಒಂದು ಪುಟದ ಟಿಪ್ಪಣಿ ಮಾಡಿಸಿದೆ. ಮೊದಲ ಪ್ರತಿಯಲ್ಲಿ ಖರೀದಿದಾರರ ಹೆಸರುಗಳೇ ಇದ್ದವು. ಅಳಿಸಿಸಿ 'ಎ', 'ಬಿ' ಮಾಡಿಸಿದೆ, ಅಂಗಡಿ ಹೆಸರನ್ನೂ ತೆಗೆಸಿದೆ. ಈ ಕೆಲಸದಲ್ಲಿ ಬೇರೆಯವರ ಲೆಕ್ಕ ಕೈಗೆ ಬರುತ್ತದೆ. ಅದನ್ನು ಹೊರಗೆ ಬಾಯಿ ಬಿಡದವಳೋ ಅಲ್ಲವೋ ಎಂಬುದನ್ನೇ ಓದುವವರು ಮೊದಲು ನೋಡುವುದು. ರೆಸ್ಯೂಮೆ ಒಂದು ಪುಟಕ್ಕೆ ಇಳಿಯಿತು. ಫೋಟೋ ಹೋಯಿತು, ಸಂಕಲ್ಪ ಹೋಯಿತು, 11 ಸರ್ಟಿಫಿಕೇಟ್‌ನಲ್ಲಿ ಎಕ್ಸೆಲ್‌ನದೂ ಟ್ಯಾಲಿಯದೂ ಉಳಿದವು. ಮೂರು ಸುಗ್ಗಿ ಮೇಲಕ್ಕೆ ಬಂತು.

ಇನ್ನು ಕಹಿ ಮಾತು. ಇದನ್ನು ಅಪ್ಪನ ಎದುರಿಗೇ ಹೇಳಿದೆ. ಅವಳು ಬಯಸಿದ ದೊಡ್ಡ ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳು, ಮೆಕಿನ್ಸಿ, ಬಿಸಿಜಿ, ಬೇನ್‌ನಂಥ ಕನ್ಸಲ್ಟಿಂಗ್ ಕಂಪನಿಗಳು ಬಹುಪಾಲು ಇಂಟರ್ನ್‌ಗಳನ್ನು ಕೆಲವೇ ಕ್ಯಾಂಪಸ್‌ಗಳಿಂದ ಆರಿಸುತ್ತವೆ. ಐಐಎಂಗಳಲ್ಲಿ ಮುಂದಿನ ಬೇಸಿಗೆಯ ಇಂಟರ್ನ್‌ಶಿಪ್ ಹಿಂದಿನ ಅಕ್ಟೋಬರ್-ನವೆಂಬರ್ ಹೊತ್ತಿಗೇ ತೀರ್ಮಾನವಾಗಿರುತ್ತದೆ. ನಮ್ಮೂರಿನ ಬಿ.ಕಾಂ ಹುಡುಗಿ ಜನವರಿಯಲ್ಲಿ ವೆಬ್‌ಸೈಟಿನಲ್ಲಿ ಅರ್ಜಿ ತುಂಬಿದರೆ ಅದನ್ನು ತೆರೆದು ನೋಡುವವರೂ ಕಡಿಮೆ. 63 ಕಡೆ ಅವಳು ಸೋತದ್ದಲ್ಲ, ಆ ಬಾಗಿಲು ಅವಳಿಗೆಂದು ತೆರೆದೇ ಇರಲಿಲ್ಲ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯನ್ನೂ ಅಪ್ಪ ಕೇಳಿದರು. 2024ರ ಅಕ್ಟೋಬರ್‌ನಲ್ಲಿ ಶುರುವಾದಾಗ ಅದು 21ರಿಂದ 24 ವಯಸ್ಸಿನವರಿಗೆ, ಪೂರ್ಣಾವಧಿ ಓದುತ್ತಿರುವವರಿಗೆ ಅಲ್ಲ. ಇವಳಿಗೆ ಹೊಂದಲಿಲ್ಲ. ಸಿಎ ಮಾಡುವ ಮನಸ್ಸಿದ್ದರೆ 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ (ಸಿಎ ಒಬ್ಬರ ಕೈಕೆಳಗಿನ ಕಡ್ಡಾಯ ತರಬೇತಿ) ಮೂರರಿಂದ ಎರಡು ವರ್ಷಕ್ಕೆ ಇಳಿದಿದೆ, ಫೈನಾನ್ಸ್‌ಗೆ ಅದು ಗಟ್ಟಿ ದಾರಿ ಅಂದೆ. ಅದಕ್ಕೆ ಅವಳು ಇನ್ನೂ ತಯಾರಿರಲಿಲ್ಲ. ಒತ್ತಾಯ ಮಾಡಲಿಲ್ಲ.

ಹಾಗಾದರೆ ಯಾರಿಗೆ ಬರೆಯುವುದು? ಮಧ್ಯಮ ಗಾತ್ರದ ಸಿಎ ಸಂಸ್ಥೆ, ವ್ಯಾಲ್ಯುಯೇಷನ್ (ಕಂಪನಿಗಳಿಗೆ ಬೆಲೆ ಕಟ್ಟುವುದು) ಮಾಡುವವರು, ಕೃಷಿ ವ್ಯಾಪಾರಕ್ಕೆ ಸಾಲ ಕೊಡುವ ಕಂಪನಿ, ಸಣ್ಣ ಕನ್ಸಲ್ಟಿಂಗ್ ಸಂಸ್ಥೆ. ಅರ್ಜಿಯಲ್ಲ, ಮೇಲ್. ಅದೂ ಸಂಸ್ಥೆಗಲ್ಲ, ಒಬ್ಬ ಮನುಷ್ಯನಿಗೆ. ಲಿಂಕ್ಡ್‌ಇನ್‌ನಲ್ಲಿ ತನ್ನದೇ ಕಾಲೇಜಿನ ಹೆಸರು ಹಾಕಿ ಹುಡುಕಿದಾಗ ಈ ಕೆಲಸಗಳಲ್ಲಿರುವ ಏಳು ಹಿರಿಯರು ಸಿಕ್ಕರು. ಅವಳಿಗೆ ಆಶ್ಚರ್ಯ. ನನಗೂ ಅಷ್ಟು ಜನ ಇರುತ್ತಾರೆ ಅಂತ ಗೊತ್ತಿರಲಿಲ್ಲ. ಮೇಲ್ ಆರೇ ಸಾಲು: ನಾನು ಯಾರು, ಏನು ಲೆಕ್ಕ ಮಾಡಿದ್ದೇನೆ, ಟಿಪ್ಪಣಿ ಜೊತೆಗಿದೆ, ಇದರಲ್ಲಿ ಏನು ತಪ್ಪಿದೆ ಅಂತ 15 ನಿಮಿಷ ಹೇಳುತ್ತೀರಾ. ಕೆಲಸ ಕೇಳಬೇಡ ಅಂದೆ. ತಪ್ಪು ತೋರಿಸಿ ಅಂದರೆ ಜನ ಬಿಡುವು ಮಾಡಿಕೊಳ್ಳುತ್ತಾರೆ.

ಸಂದರ್ಶನದ ತಯಾರಿ ಮೂರು ಶನಿವಾರ ನಡೆಯಿತು. ಇಂಗ್ಲಿಷ್ ಭಯಕ್ಕೆ ನಾನು ಹೇಳಿದ್ದು ಇಷ್ಟೇ: ಮೊದಲು ಕನ್ನಡದಲ್ಲಿ ಅಪ್ಪನಿಗೆ ವಿವರಿಸು, ಅವರಿಗೆ ಅರ್ಥವಾದ ಮೇಲೆ ಅದನ್ನೇ ಇಂಗ್ಲಿಷ್‌ನಲ್ಲಿ ಫೋನಿಗೆ ರೆಕಾರ್ಡ್ ಮಾಡಿ ಕೇಳಿಸಿಕೋ. ಕನ್ಸಲ್ಟಿಂಗ್‌ನವರು ಕೇಳುವ ಅಂದಾಜಿನ ಪ್ರಶ್ನೆಗೆ ಊರಿನದನ್ನೇ ಇಟ್ಟುಕೊಂಡೆವು: ದಾವಣಗೆರೆಯಲ್ಲಿ ದಿನಕ್ಕೆ ಎಷ್ಟು ಬೆಣ್ಣೆದೋಸೆ? 2011ರ ಜನಗಣತಿಯಲ್ಲಿ ಊರಿನ ಜನ 4.35 ಲಕ್ಷ. ಅಲ್ಲಿಂದ ಹೊರಟು, ವಾರಕ್ಕೆ ಎಷ್ಟು ಸಲ ತಿನ್ನುತ್ತಾರೆ ಅಂತ ಊಹಿಸಿ ಒಂದು ಸಂಖ್ಯೆ ಹೇಳಿದಳು. ಈಗ ಕಾವಲಿ ಕಡೆಯಿಂದ ಹೇಳು ಅಂದೆ. ಒಂದು ಕಾವಲಿಗೆ ಸಲಕ್ಕೆ ಎಷ್ಟು, ಬೆಳಗ್ಗೆ ಎಷ್ಟು ಗಂಟೆ, ಎಷ್ಟು ಹೋಟೆಲ್. ಎರಡನೇ ಸಂಖ್ಯೆ ಮೊದಲಿನದರ ಮೂರನೇ ಒಂದು ಭಾಗ ಬಂತು. ಎಲ್ಲಿ ತಪ್ಪಿದೆ ಅಂತ ತಾನೇ ಹುಡುಕಿದಳು: "ಊರವರು ಅಷ್ಟು ತಿನ್ನಲ್ಲ ಮೇಡಂ. ಹೊರಗಿನಿಂದ ಬಂದೋರೇ ಜಾಸ್ತಿ ತಿನ್ನೋದು."

20 ಮೇಲ್‌ಗೆ 5 ಉತ್ತರ. ಎರಡು ಫೋನ್ ಕರೆ. ಒಬ್ಬರು ಟಿಪ್ಪಣಿ ಓದಿ, ತಡವಾಗಿ ದುಡ್ಡು ಕೊಡುವವರ ಮೇಲೆ ಸಣ್ಣ ಉದ್ಯಮಗಳ ಬಾಕಿ ಗಡುವಿನೊಳಗೆ ಕೊಡಬೇಕೆನ್ನುವ ಎಂಎಸ್‌ಎಂಇ ಕಾಯ್ದೆಯ ನಿಯಮ ಹಾಕಬಹುದಲ್ಲ ಅಂತ ಕೆಣಕಿದರಂತೆ. ಆ ಕಾಯ್ದೆಯಡಿ ಉದ್ಯಮ್ ನೋಂದಣಿ ಮಾಡಿಸಿಕೊಂಡರೂ ವ್ಯಾಪಾರಿಗಳಿಗೆ ಆ ರಕ್ಷಣೆ ಇಲ್ಲ, ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ ಲೆಕ್ಕ, ಅಂದಳಂತೆ. ಅವಳು ಇದನ್ನು ಕಲಿತದ್ದು ಯಾವ ಕೋರ್ಸಿನಲ್ಲೂ ಅಲ್ಲ. ಅಂಗಡಿಯಲ್ಲಿ ಅಪ್ಪ ದಿನಾ ಗೊಣಗುತ್ತಾರೆ.

ಹೀಗೆ ಕೆಣಕಿದವರ ಬೆಂಗಳೂರಿನ ಸಿಎ ಸಂಸ್ಥೆಯಲ್ಲೇ ಇಂಟರ್ನ್‌ಶಿಪ್ ಸಿಕ್ಕಿತು. ಎರಡು ತಿಂಗಳು, ತಿಂಗಳಿಗೆ 8,000. ಬ್ಯಾಂಕುಗಳ ಪರವಾಗಿ ಸ್ಟಾಕ್ ಆಡಿಟ್ ಮಾಡುವವರು, ಅಂದರೆ ಸಾಲಕ್ಕೆ ಆಧಾರವಾದ ಸರಕು ನಿಜಕ್ಕೂ ಇದೆಯೇ ಅಂತ ನೋಡುವವರು. ಅವಳು ಕನಸಿದ್ದ ಗಾಜಿನ ಕಟ್ಟಡ ಅಲ್ಲ. ಯಶವಂತಪುರದ ಹತ್ತಿರ ಚಿಕ್ಕಮ್ಮನ ಮನೆ ಇತ್ತು, ಅಪ್ಪ ತಾವೇ ಹೋಗಿ ಆಫೀಸು ನೋಡಿಕೊಂಡು ಬಂದರು.

ಮೂರನೇ ವಾರ ಫೋನ್ ಮಾಡಿದಳು. ಒಂದು ಅಕ್ಕಿ ಗಿರಣಿಯ ಗೋದಾಮಿಗೆ ಚೀಲ ಎಣಿಸಲು ಕಳಿಸಿದ್ದರಂತೆ. ಯಾವ ಗಿರಣಿ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಜೊತೆಗಿದ್ದ ಹುಡುಗ ನಿಟ್ಟಿನ ಉದ್ದ, ಅಗಲ, ಎತ್ತರ ಗುಣಿಸಿ ಬರೆದುಕೊಂಡು ಹೊರಟಿದ್ದ. ಇವಳು ಏಣಿ ಕೇಳಿದಳು. ನಡುವೆ ಪೊಳ್ಳು ಬಿಟ್ಟು ಸುತ್ತ ಚೀಲ ಜೋಡಿಸುವುದು ಯಾರ್ಡಿನ ಮಕ್ಕಳಿಗೆ ಗೊತ್ತಿರದ ಆಟವೇನಲ್ಲ.

"ಹತ್ತಿ ನೋಡಿದೆ ಮೇಡಂ. ತುಂಬಿತ್ತು."

"ಮತ್ತೆ?"

"ಮತ್ತೇನಿಲ್ಲ. ಪ್ಯಾಂಟೆಲ್ಲಾ ಧೂಳು. ಮ್ಯಾನೇಜರ್ ನಾಳೆನೂ ನನ್ನನ್ನೇ ಬಾ ಅಂದಿದಾರೆ."