ಲೇಡಿ ಡಾಕ್ಟರೇ ಬೇಕು ಎಂದು ಕೇಳುವುದು ತಪ್ಪಾ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ವಯಸ್ಸು 36, ಮೂರು ತಿಂಗಳಿಂದ ಬಿಳಿ ಹೋಗುತ್ತಿದೆ, ಜೊತೆಗೆ ಕೆಳಹೊಟ್ಟೆ ನೋವು. ತಾಲ್ಲೂಕಿನಲ್ಲಿರುವ ಒಬ್ಬರೇ ಸ್ತ್ರೀರೋಗ ತಜ್ಞರು ಗಂಡಸು. ಲೇಡಿ ಡಾಕ್ಟರ್ ಬೇಕು ಎನ್ನುವುದು ತಪ್ಪೇ, ಅದು ಹಕ್ಕೇ, ಇಲ್ಲೇ ತೋರಿಸಿದರೆ ಏನೇನು ಮಾಡುತ್ತಾರೆ? ಕೊನೆಗೆ ಇನ್ನೊಂದು: ಯಜಮಾನರಿಗೆ ಮಲದಲ್ಲಿ ರಕ್ತ ಬೀಳುತ್ತಿದೆ, ಆದರೆ ಸರ್ಜನ್ ಹೆಂಗಸು ಅಂತ ಅವರು ಹೋಗುತ್ತಿಲ್ಲ.

ಕೇಳುವುದು ಖಂಡಿತ ತಪ್ಪಲ್ಲ. ಹೊಸ ಬೇಡಿಕೆಯೂ ಅಲ್ಲ. ಈ ದೇಶದ ಹೆಂಗಸರಿಗೆ ಹೆಣ್ಣು ವೈದ್ಯರನ್ನು ಒದಗಿಸಬೇಕೆಂದೇ 1885ರಲ್ಲಿ ಡಫರಿನ್ ನಿಧಿ ಹುಟ್ಟಿತ್ತು. ಸ್ತ್ರೀರೋಗ ವಿಭಾಗದಲ್ಲಿ ಕೆಲಸ ಮಾಡುವ ಯಾರಿಗೂ ಈ ಮಾತು ಕೇಳಿ ಬೇಜಾರಾಗುವುದಿಲ್ಲ, ನನಗಂತೂ ಇಲ್ಲ. ಆದರೆ 'ಹಕ್ಕು' ಅಂದಾಗ ಎರಡು ಬೇರೆ ಸಂಗತಿಗಳು ಕಲಸಿಹೋಗುತ್ತವೆ. ಗಂಡು ವೈದ್ಯರು ನಿಮ್ಮ ಮೈಮುಟ್ಟಿ ಪರೀಕ್ಷೆ ಮಾಡುವಾಗ ಇನ್ನೊಬ್ಬ ಹೆಂಗಸು ಕೋಣೆಯಲ್ಲಿರಬೇಕು ಎನ್ನುವುದು ಹಕ್ಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಇದು ಇದೆ. 2019ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಬರೆದ ಪತ್ರದಲ್ಲೂ ಇದನ್ನು ಹೇಳಿದೆ. ಆ ಹೆಂಗಸನ್ನು ಒದಗಿಸುವುದು ಆಸ್ಪತ್ರೆಯ ಹೊಣೆ. "ಇವತ್ತು ಸಿಸ್ಟರ್ ರಜಾ" ಅಂದರೆ ಪರೀಕ್ಷೆಯನ್ನು ನಾಳೆಗೆ ಹಾಕಿ ಎನ್ನಲು ನಿಮಗೆ ಅಧಿಕಾರವಿದೆ.

ಪರೀಕ್ಷೆ ಮಾಡುವವರೇ ಹೆಂಗಸಾಗಿರಬೇಕು ಎನ್ನುವುದು ಮಾತ್ರ ಕೋರಿಕೆ. ಲೇಡಿ ಡಾಕ್ಟರ್ ಇದ್ದರೆ ಕೊಡುತ್ತಾರೆ, ಇಲ್ಲದಿದ್ದರೆ ಎಲ್ಲಿಂದ ತರುತ್ತಾರೆ? ಕಾನೂನೇ ಮಹಿಳಾ ವೈದ್ಯರು ಬೇಕು ಎಂದು ಹೇಳುವ ಸಂದರ್ಭಗಳು ಕಡಿಮೆ. ಪೋಕ್ಸೊ ಕಾಯ್ದೆಯ 27(2)ನೇ ಕಲಮಿನಂತೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗುವನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ಬಂಧಿತ ಮಹಿಳೆಯ ದೇಹಪರೀಕ್ಷೆಯನ್ನು ಮಹಿಳಾ ವೈದ್ಯರೇ, ಇಲ್ಲವೇ ಅವರ ಉಸ್ತುವಾರಿಯಲ್ಲಿ ಮಾಡಬೇಕು. ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 51(2). ನಿಮ್ಮಂತೆ ಒಪಿಡಿಗೆ ಬರುವವರಿಗೆ ಅಂಥ ಕಟ್ಟುಪಾಡಿಲ್ಲ.

ಈಗ ಯಾರೂ ಮೊದಲೇ ಹೇಳದ ಒಂದು ವಿಷಯ. ಲೇಡಿ ಡಾಕ್ಟರ್ ಹೆಸರಿಗೆ ಚೀಟಿ ಮಾಡಿಸಿದರೂ ನಿಮ್ಮನ್ನು ನೋಡುವವರು ಅವರೊಬ್ಬರೇ ಅಲ್ಲ. ಸ್ಕ್ಯಾನ್ ಮಾಡುವವರು ಬೇರೆ ಡಾಕ್ಟರ್, ಮತ್ತು ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಿಂದಾಗಿ ಅಲ್ಲಿರುವ ಹೆಣ್ಣು ಸಹಾಯಕಿಯ ಕೈಗೆ ಪ್ರೋಬ್, ಅಂದರೆ ಸ್ಕ್ಯಾನ್ ಮಾಡುವ ಕೈ ಉಪಕರಣ, ಕೊಟ್ಟು ಮುಗಿಸುವಂತಿಲ್ಲ. ಇಸಿಜಿ ತೆಗೆಯುವ ಹುಡುಗ ಎದೆಯ ಮೇಲೆ ಆರು ತಂತಿ ಅಂಟಿಸಬೇಕು. ಆಪರೇಷನ್ ಆದರೆ ಅರಿವಳಿಕೆ ತಜ್ಞರು ಬೆನ್ನಿಗೆ ಸೂಜಿ ಹಾಕುತ್ತಾರೆ, ಯಾರೋ ಒಬ್ಬರು ಮೂತ್ರದ ಟ್ಯೂಬ್ ಹಾಕುತ್ತಾರೆ. ಹೆರಿಗೆಯಲ್ಲಿ ನೋವು ಜೋರಾದ ಮೇಲೆ ಸುಮಾರು ನಾಲ್ಕು ಗಂಟೆಗೊಮ್ಮೆ ಒಳಪರೀಕ್ಷೆ ಆಗುತ್ತದೆ, ಅದನ್ನು ಮಾಡುವವರು ಆ ಪಾಳಿಯಲ್ಲಿದ್ದವರು. ಒಂಬತ್ತು ತಿಂಗಳು ಒಬ್ಬರೇ ಲೇಡಿ ಡಾಕ್ಟರ್ ಹತ್ತಿರ ತೋರಿಸಿ, ನಡುರಾತ್ರಿ ಹೆರಿಗೆ ಕೋಣೆಗೆ ಗಂಡು ಡ್ಯೂಟಿ ಡಾಕ್ಟರ್ ಬಂದಾಗ ಕಂಗಾಲಾಗುವುದು ಇದಕ್ಕೇ. ಆದ್ದರಿಂದ "ಲೇಡಿ ಡಾಕ್ಟರ್ ಇದ್ದಾರಾ?" ಎಂದಷ್ಟೇ ಕೇಳಬೇಡಿ. "ಒಳಪರೀಕ್ಷೆ ಯಾರು ಮಾಡುತ್ತಾರೆ, ಸ್ಕ್ಯಾನ್ ಯಾರು ಮಾಡುತ್ತಾರೆ, ಆಗ ಸಿಸ್ಟರ್ ಇರುತ್ತಾರಾ?" ಎಂದು ಮೂರನ್ನೂ ಬಿಡಿಸಿ ಕೇಳಿ.

ಕೇಳಬೇಕಾದದ್ದು ಫೋನಿನಲ್ಲಿ ಅಥವಾ ಚೀಟಿ ಕೌಂಟರಿನಲ್ಲಿ. ಮಂಚದ ಮೇಲೆ ಮಲಗಿದ ಮೇಲಲ್ಲ. ಅಷ್ಟು ಹೊತ್ತಿಗೆ ಹೊರಗೆ ನಲವತ್ತು ಜನ ಕಾಯುತ್ತಿರುತ್ತಾರೆ, ನಿಮಗೂ ಸಂಕೋಚ, ಅವರಿಗೂ ಅವಸರ, ಕೊನೆಗೆ ನೀವೇ "ಹೋಗಲಿ ಬಿಡಿ" ಎಂದು ಎದ್ದು ಬರುತ್ತೀರಿ. ಕಾರಣ ಕೊಡಬೇಕಾಗಿಲ್ಲ. "ಒಳಪರೀಕ್ಷೆ ಬೇಕಾಗಬಹುದು, ಮಹಿಳಾ ವೈದ್ಯರು ಯಾವ ದಿನ ಇರುತ್ತಾರೆ?" ಎಂದರೆ ಸಾಕು. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರದ ಒಂದೊಂದು ದಿನ ಒಂದೊಂದು ಯೂನಿಟ್‌ನ, ಅಂದರೆ ಒಂದೊಂದು ವೈದ್ಯರ ತಂಡದ, ಒಪಿಡಿ. ದಿನ ತಿಳಿದುಕೊಂಡು ಹೋದರೆ ಅರ್ಧ ಸಮಸ್ಯೆ ಮುಗಿಯಿತು. ಗರ್ಭಿಣಿಯರಿಗೆ ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ತಜ್ಞರ ತಪಾಸಣೆ ಇರುತ್ತದೆ, ಯಾರು ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಎರಡು ದಿನ ಮುಂಚೆ ಕೇಳಿದರೆ ತಿಳಿಯುತ್ತದೆ.

ಇನ್ನು ನಿಮ್ಮ ತೊಂದರೆಗೆ ಬರುತ್ತೇನೆ. ಬರೀ ಬಿಳಿ ಹೋಗುವುದಾಗಿದ್ದರೆ ಒಂದೆರಡು ವಾರ ಕಾದು ಜಿಲ್ಲಾ ಆಸ್ಪತ್ರೆಯ ಮಹಿಳಾ ವೈದ್ಯರಿಗೇ ತೋರಿಸಿ ಎನ್ನುತ್ತಿದ್ದೆ. ಕೆಳಹೊಟ್ಟೆ ನೋವೂ ಇದೆ ಅಂದಾಗ ಮಾತು ಬದಲಾಗುತ್ತದೆ. ಸೋಂಕು ಗರ್ಭಕೋಶಕ್ಕೆ, ಅಂಡಾಣು ಸಾಗುವ ನಳಿಕೆಗಳಿಗೆ ಹತ್ತಿರಬಹುದು. ಬಿಟ್ಟರೆ ನಳಿಕೆ ಕಟ್ಟಿಕೊಳ್ಳಬಹುದು, ನೋವು ವರ್ಷಗಟ್ಟಲೆ ಉಳಿಯಬಹುದು. ಇದನ್ನು ಪತ್ತೆ ಮಾಡುವುದು ಕೈಬೆರಳಿನ ಪರೀಕ್ಷೆಯಿಂದಲೇ: ಗರ್ಭಕೊರಳನ್ನು ಸ್ವಲ್ಪ ಅಲುಗಿಸಿದಾಗ ನೋವಾಗುತ್ತದೆಯೇ ಎಂದು ನೋಡುತ್ತಾರೆ. ಸ್ಕ್ಯಾನ್ ನಾರ್ಮಲ್ ಬಂದರೂ ಈ ಸೋಂಕು ಇರಬಹುದು. ಮೆಡಿಕಲ್ ಶಾಪಿನ ಒಂದು ದಿನದ ಮಾತ್ರೆ ಕಿಟ್ ಕೆಲಸಕ್ಕೆ ಬಾರದಿರುವುದೂ ಇದಕ್ಕೇ. ಮೊಸರಿನ ಗಟ್ಟಿಯಂಥ ತುರಿಕೆಯ ಬಿಳುಪು, ಮೀನಿನ ವಾಸನೆಯ ಬೂದುಬಣ್ಣದ್ದು, ಹಸಿರು ನೊರೆಯಂಥದ್ದು, ಗರ್ಭಕೊರಳಿನ ಹುಣ್ಣಿನಿಂದ ಬರುವುದು, ಈ ಎಲ್ಲಕ್ಕೂ ನಾವು ಹೇಳುವ ಹೆಸರು 'ವೈಟ್ ಡಿಸ್ಚಾರ್ಜ್', ಔಷಧಿ ಮಾತ್ರ ಬೇರೆ ಬೇರೆ. ಕೆಲವಕ್ಕೆ ಗಂಡನಿಗೂ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಮತ್ತೆ ಬರುತ್ತದೆ.

ಹಾಗಾಗಿ ಜಿಲ್ಲಾ ಆಸ್ಪತ್ರೆಗೆ ಈ ವಾರವೇ ಹೋಗಲಾಗುವುದಿದ್ದರೆ ಹೋಗಿ. ಅಲ್ಲಿ 'ಸುರಕ್ಷಾ ಕ್ಲಿನಿಕ್' ಎಂಬ ಬೋರ್ಡ್ ಇದ್ದರೆ ಅದು ಇಂಥ ಸೋಂಕುಗಳದ್ದೇ ಉಚಿತ ಚಿಕಿತ್ಸೆಯ ಜಾಗ. ಆಗದಿದ್ದರೆ ನಿಮ್ಮೂರ ವೈದ್ಯರಿಗೇ ತೋರಿಸಿ. ಜ್ವರ ಬಂದರೆ, ಸಂಪರ್ಕದ ನಂತರ ರಕ್ತ ಕಂಡರೆ, ಮುಟ್ಟು ತಪ್ಪಿ ಒಂದು ಬದಿ ತೀವ್ರ ನೋವು ಬಂದು ತಲೆಸುತ್ತಿದರೆ ಆರಿಸುತ್ತ ಕೂರುವ ಹೊತ್ತಲ್ಲ. ಕೊನೆಯದ್ದು ನಳಿಕೆಯಲ್ಲಿ ನಿಂತ ಗರ್ಭ ಒಡೆದ ಲಕ್ಷಣವಿರಬಹುದು, ಗಂಟೆಗಳಲ್ಲಿ ಜೀವಕ್ಕೇ ಅಪಾಯ ಬರುತ್ತದೆ.

ಗಂಡು ವೈದ್ಯರ ಹತ್ತಿರ ಹೋಗುವಾಗ ಹೀಗೆ ಮಾಡಿ. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ. ಹಿಂದಿನ 48 ಗಂಟೆ ಸಂಪರ್ಕ ಬೇಡ, ಒಳಗೆ ಇಡುವ ಮಾತ್ರೆ-ಕ್ರೀಮೂ ಬೇಡ, ಸೋಪಿನಿಂದ ಒಳಗೆ ತೊಳೆಯುವುದಂತೂ ಬೇಡವೇ ಬೇಡ. ತೊಳೆದರೆ ನೋಡಬೇಕಾದದ್ದೇ ಹೋಗಿರುತ್ತದೆ. ಕೂದಲು ತೆಗೆಯಬೇಕಿಲ್ಲ, ಅದನ್ನು ಯಾರೂ ಗಮನಿಸುವುದಿಲ್ಲ. ಸೀರೆ, ಲಂಗ, ಉದ್ದನೆಯ ಕುರ್ತಾ ಒಳ್ಳೆಯದು. ಜೀನ್ಸ್ ಹಾಕಿ ಹೋದರೆ ಸೊಂಟದ ಕೆಳಗೆ ಎಲ್ಲ ಬಿಚ್ಚಬೇಕಾಗುತ್ತದೆ, ಸೀರೆಯಾದರೆ ಮಂಡಿಯವರೆಗೆ ಸರಿಸಿದರೆ ಆಯಿತು. ಮಲಗುವ ಮುಂಚೆ ಮೂತ್ರ ಮಾಡಿ ಬನ್ನಿ, ತುಂಬಿದ ಮೂತ್ರಕೋಶದಿಂದ ನೋವೂ ಹೆಚ್ಚು, ಗರ್ಭಕೋಶ ಕೈಗೆ ಸಿಗುವುದೂ ಇಲ್ಲ.

ಮಾತು ಮತ್ತು ಪರೀಕ್ಷೆ ಎರಡನ್ನೂ ಬೇರೆ ಮಾಡಿ. ಅತ್ತೆಯನ್ನೋ ಅಕ್ಕನನ್ನೋ ಜೊತೆಗೆ ಕರೆದೊಯ್ದರೆ ಪರೀಕ್ಷೆಗೆ ಧೈರ್ಯ ಬರುತ್ತದೆ ನಿಜ, ಆದರೆ ಅವರ ಎದುರು "ಹಿಂದೆ ಅಬಾರ್ಷನ್ ಆಗಿತ್ತು" ಎಂದು ಬಾಯಿ ಬರುವುದಿಲ್ಲ. ತಪ್ಪು ಚಿಕಿತ್ಸೆಗೆ ಡಾಕ್ಟರ್ ಗಂಡಸೋ ಹೆಂಗಸೋ ಎನ್ನುವುದಕ್ಕಿಂತ ಈ ನುಂಗಿಕೊಂಡ ಮಾತುಗಳೇ ಹೆಚ್ಚು ಕಾರಣ ಎಂಬುದು ನನ್ನ ಅಭಿಪ್ರಾಯ. ಮೊದಲು ಒಬ್ಬರೇ ಕೂತು ಮಾತಾಡಿ, ಮಲಗುವಾಗ ಅವರನ್ನು ಒಳಗೆ ಕರೆಸಿ. ಹೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಕೊಡಿ: ಯಾವಾಗಿನಿಂದ, ಬಣ್ಣ, ವಾಸನೆ, ತುರಿಕೆ, ಕೊನೆಯ ಮುಟ್ಟಿನ ತಾರೀಖು, ಹೆರಿಗೆ-ಗರ್ಭಪಾತದ ಲೆಕ್ಕ, ಕಾಪರ್-ಟಿ ಇದೆಯೋ ಇಲ್ಲವೋ. ಅಂದಹಾಗೆ, ಮದುವೆಯಾಗದ ಹುಡುಗಿಯರಿಗೆ "ಮದುವೆಯಾಗಿದೆಯಾ?" ಎಂದು ಕೇಳುತ್ತಾರಲ್ಲ, ಅದರ ನಿಜವಾದ ಅರ್ಥ ಸಂಪರ್ಕ ಆಗಿದೆಯೇ ಎಂದು. ಉಪಕರಣ ಹಾಕಬೇಕೇ ಬೇಡವೇ ಎಂಬುದು ಆ ಉತ್ತರದ ಮೇಲೆ ನಿಂತಿದೆ. ಅದನ್ನೇ ನೇರವಾಗಿ ಕೇಳದಿರುವುದು ವೈದ್ಯರದ್ದೇ ತಪ್ಪು.

ಪರೀಕ್ಷೆಯೇ ಎರಡು ಮೂರು ನಿಮಿಷದ ಕೆಲಸ. ಬೆನ್ನ ಮೇಲೆ ಮಲಗಿ ಮಂಡಿ ಮಡಚಿ ಕಾಲು ಅಗಲಿಸುತ್ತೀರಿ, ಮೇಲೊಂದು ಹೊದಿಕೆ ಇರಬೇಕು, ಇಲ್ಲದಿದ್ದರೆ ಕೇಳಿ. ಮೊದಲು ಬಾತುಕೋಳಿ ಕೊಕ್ಕಿನಂಥ ಸ್ಪೆಕ್ಯುಲಮ್ ಹಾಕಿ ಗರ್ಭಕೊರಳನ್ನು ಬೆಳಕಿನಲ್ಲಿ ನೋಡುತ್ತಾರೆ, ಬೇಕಾದರೆ ಹತ್ತಿಕಡ್ಡಿಯಲ್ಲಿ ಸ್ವಾಬ್ ತೆಗೆಯುತ್ತಾರೆ. ಆಮೇಲೆ ಕೈಗವಸು ಹಾಕಿದ ಎರಡು ಬೆರಳು ಒಳಗೆ, ಇನ್ನೊಂದು ಕೈ ಹೊಟ್ಟೆಯ ಮೇಲೆ. ನೋವಾಗುವುದು ಹೆಚ್ಚಾಗಿ ಬಿಗಿಹಿಡಿಯುವುದರಿಂದ. ಸೊಂಟವನ್ನು ಮಂಚಕ್ಕೆ ಒತ್ತಿ, ಬಾಯಿಂದ ನಿಧಾನವಾಗಿ ಉಸಿರು ಬಿಡಿ. "ಚಿಕ್ಕ ಸೈಜ್ ಹಾಕಿ" ಎಂದು ಹೇಳಬಹುದು, ಸ್ಪೆಕ್ಯುಲಮ್‌ನಲ್ಲಿ ಅಳತೆಗಳಿವೆ. "ನಿಲ್ಲಿಸಿ" ಎಂದರೆ ನಿಲ್ಲಿಸಲೇಬೇಕು, ಒಮ್ಮೆ ಒಪ್ಪಿದ್ದಕ್ಕೆ ಕೊನೆಯವರೆಗೂ ಒಪ್ಪಿದಂತಲ್ಲ. ಜೊತೆಗಿರುವ ಸಿಸ್ಟರ್ ಪರದೆಯ ಆಚೆ ರಿಜಿಸ್ಟರ್ ಬರೆಯುತ್ತ ಕೂತರೆ ಅದು ಇದ್ದಂತಲ್ಲ. ನಿಮ್ಮ ತಲೆಯ ಬಳಿ, ನಿಮಗೆ ಕಾಣುವಂತೆ ನಿಲ್ಲಬೇಕು. ಬಾಗಿಲು ಹಾಕಿರಬೇಕು, ಅದೇ ಕೋಣೆಯಲ್ಲಿ ಮುಂದಿನ ರೋಗಿಯನ್ನು ಕೂರಿಸಿರಬಾರದು. ಮೆಡಿಕಲ್ ಕಾಲೇಜು ಆಸ್ಪತ್ರೆಯಾದರೆ ವಿದ್ಯಾರ್ಥಿಗಳು ಬೇಡ ಎನ್ನಬಹುದು, ಅದಕ್ಕಾಗಿ ಚಿಕಿತ್ಸೆ ಕಡಿಮೆ ಮಾಡುವಂತಿಲ್ಲ.

ಕೈಗವಸಿಲ್ಲದ ಒಳಪರೀಕ್ಷೆ ಎಂಬುದೇ ಇಲ್ಲ. ಯಾಕೆಂದು ಹೇಳದೆ ಎದೆ ಮುಟ್ಟುವುದು, ಸಿಸ್ಟರನ್ನು ಹೊರಗೆ ಕಳಿಸುವುದು, ಕಾಯಿಲೆಗೆ ಸಂಬಂಧವಿಲ್ಲದ ಸಂಪರ್ಕದ ವಿವರ ಕೆದಕುವುದು, ಫೋನಿನಲ್ಲಿ ಫೋಟೊ ತೆಗೆಯುವುದು, ಇವಾವುವೂ ವೈದ್ಯಕೀಯವಲ್ಲ. ಎದ್ದು ಬನ್ನಿ. ಪೊಲೀಸರಿಗೆ 112, ಮಹಿಳಾ ಸಹಾಯವಾಣಿ 181. ವೈದ್ಯರ ವಿರುದ್ಧ ಲಿಖಿತ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಅದೇ ರೀತಿ, ಹೆಂಗಸು ಎಂಬ ಒಂದೇ ಕಾರಣಕ್ಕೆ ಕೈ ಮೃದುವಾಗಿರುತ್ತದೆ, ಮಾತು ಮೆತ್ತಗಿರುತ್ತದೆ ಎಂದುಕೊಳ್ಳಬೇಡಿ. "ಇಷ್ಟಕ್ಕೇ ಕಿರುಚ್ತೀಯಾ?" ಎನ್ನುವವರು ಎರಡೂ ಕಡೆ ಇದ್ದಾರೆ.

ಒಳಪರೀಕ್ಷೆ ಸುತರಾಂ ಆಗುವುದಿಲ್ಲ ಎನ್ನುವವರಿಗೆ ಅರ್ಧ ದಾರಿಗಳಿವೆ. ಯೋನಿಯ ಸ್ವಾಬನ್ನು ಟಾಯ್ಲೆಟ್ಟಿನಲ್ಲಿ ನೀವೇ ತೆಗೆದುಕೊಡಬಹುದು. ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಎಚ್‌ಪಿವಿ ಪರೀಕ್ಷೆಗೂ ಸ್ವಂತ ಮಾದರಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುತ್ತದೆ. ಒಳಗಿನ ಸ್ಕ್ಯಾನ್ ಬದಲು ಹೊಟ್ಟೆ ಮೇಲಿನ ಸ್ಕ್ಯಾನ್ ಕೇಳಿ. ಒಂದು ಗಂಟೆ ಮುಂಚೆ ನಾಲ್ಕೈದು ಲೋಟ ನೀರು ಕುಡಿದು ಮೂತ್ರ ತಡೆದುಕೊಂಡಿರಬೇಕು, ಆದರೂ ಒಳಗಿನ ಸ್ಕ್ಯಾನಿನಷ್ಟು ಸ್ಪಷ್ಟವಾಗಿ ಅಂಡಾಶಯ ಕಾಣುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆಂದು ಇರುವ ವಿನೆಗರ್ ಪರೀಕ್ಷೆ, ಅಂದರೆ ವಿಐಎ, ಒಳಪರೀಕ್ಷೆಯೇ ಆದರೂ ಅದನ್ನು ತರಬೇತಾದ ಶುಶ್ರೂಷಾಧಿಕಾರಿಗಳೂ ಮಾಡುತ್ತಾರೆ. ಆದರೆ ಇವು ಯಾವುವೂ ನಿಮ್ಮ ಹೊಟ್ಟೆನೋವಿಗೆ ಉತ್ತರ ಕೊಡುವುದಿಲ್ಲ.

ಯಜಮಾನರ ವಿಷಯ. ಅವರ ಸಂಕೋಚವೂ ನಿಮ್ಮದರಷ್ಟೇ ನಿಜ. ಗಂಡು ಸರ್ಜನ್ ಬೇಕೆಂದರೆ ಅದೂ ಸರಿಯೇ, ಹತ್ತಿರದಲ್ಲಿ ಸಿಗಬಹುದು. ಆದರೆ ರಕ್ತ ಬಿದ್ದದ್ದೆಲ್ಲ ಮೂಲವ್ಯಾಧಿಯಲ್ಲ; ಗುದನಾಳದ ಕ್ಯಾನ್ಸರನ್ನು ವರ್ಷಗಟ್ಟಲೆ ಪೈಲ್ಸ್ ಎಂದುಕೊಂಡು ಲೇಹ್ಯ ತಿನ್ನುತ್ತ ಕಳೆದವರಿದ್ದಾರೆ. ಹೆಂಗಸು ಸರ್ಜನ್ ಆದರೂ ಅವರು ನೋಡುವುದು ಹಿಂದಿನಿಂದ: ಎಡಮಗ್ಗುಲಿಗೆ ಮಲಗಿ, ಮಂಡಿ ಎದೆಗೆ ಎಳೆದುಕೊಂಡು, ಒಳಉಡುಪು ತೊಡೆಯವರೆಗೆ ಸರಿಸಿದರೆ ಸಾಕು, ಮುಂದಿನ ಭಾಗ ಹೊದಿಕೆಯ ಕೆಳಗೇ ಇರುತ್ತದೆ. ಜೆಲ್ಲಿ ಹಚ್ಚಿದ ಒಂದು ಬೆರಳು, ಆಮೇಲೆ ಪ್ರಾಕ್ಟೊಸ್ಕೋಪ್ ಎಂಬ ಸಣ್ಣ ಕೊಳವೆ, ಒಂದೆರಡು ನಿಮಿಷ. ಮಲ ಹೋಗುವಾಗ ಬ್ಲೇಡಿನಿಂದ ಕೊಯ್ದಂಥ ಉರಿ ಇದ್ದರೆ ಮೊದಲೇ ಹೇಳಲಿ. ಅದು ಗುದದ್ವಾರದ ಸೀಳಿರಬಹುದು, ಹಾಗಿದ್ದರೆ ಆ ದಿನ ಕೊಳವೆ ಹಾಕುವುದಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಅಂಗ ನೆಟ್ಟಗಾದೀತೆಂಬ ಭಯ ಗಂಡಸರಿಗೆ ಬಹಳ. ಮುಟ್ಟಿದ್ದಕ್ಕೆ ಮೈ ತಾನಾಗಿ ಸ್ಪಂದಿಸುವುದು ವೈದ್ಯರಿಗೆ ಗೊತ್ತಿರುವ ಸಂಗತಿ, ಯಾರೂ ಅಪಾರ್ಥ ಮಾಡಿಕೊಳ್ಳುವುದಿಲ್ಲ. ಕೌಂಟರಿನಲ್ಲಿ "ಮೇಲ್ ನರ್ಸ್ ಜೊತೆಗಿರಲಿ" ಎಂದು ಅವರೂ ಕೇಳಬಹುದು. ಬೋರ್ಡಿನಲ್ಲಿ ಡಿಗ್ರಿಯಿಲ್ಲದ 'ಪೈಲ್ಸ್ ಸ್ಪೆಷಲಿಸ್ಟ್' ಹತ್ತಿರ ಮಾತ್ರ ಹೋಗದಿರಲಿ, ಗಂಡಸಾದರೂ ಸರಿ.