ಒಂದು ಲೈನ್ ಹೋದರೆ ಅರ್ಧ ದೇಶ ಕತ್ತಲಾಗುತ್ತದಾ?

ನಿಮ್ಮ ಕಾದಂಬರಿಯಲ್ಲಿ ವಿಲನ್ ಒಂದು ಲೈನ್ ಕತ್ತರಿಸುತ್ತಾನೆ, ಅರ್ಧ ದೇಶದ ಕರೆಂಟ್ ಹೋಗುತ್ತದೆ, ಕೊನೆಗೆ ಹೀರೋ ಒಂದು ಸ್ವಿಚ್ ಒತ್ತಿ ಎಲ್ಲ ಸರಿ ಮಾಡುತ್ತಾನೆ. ಇದನ್ನು ಓದುಗರು ನಂಬುತ್ತಾರಾ ಅಂತ ಕೇಳಿದ್ದೀರಿ. ನಾನು ರಿಸೀವಿಂಗ್ ಸ್ಟೇಷನ್‌ನಲ್ಲಿ (ದೂರದಿಂದ ಬರುವ ಹೈ ವೋಲ್ಟೇಜ್ ಕರೆಂಟ್ ಇಳಿಸಿ ಹಂಚುವ ಜಾಗ) ತುಂಬ ವರ್ಷ ಶಿಫ್ಟ್ ಮಾಡಿದವನು. ನನ್ನ ಪ್ರಕಾರ ಕರೆಂಟ್ ಹೋಗುವ ಭಾಗವನ್ನು ಸ್ವಲ್ಪ ತಿದ್ದಿದರೆ ಸಾಕು. ಆದರೆ ಆ ಸ್ವಿಚ್ ಮಾತ್ರ ದಯವಿಟ್ಟು ಬೇಡ.

ನಿಜವಾಗಿ ನಡೆದದ್ದನ್ನೇ ಹೇಳುತ್ತೇನೆ. 2012ರ ಜುಲೈ 30, ಬೆಳಗಿನ ಜಾವ ಎರಡೂವರೆ. ಮಳೆ ಕೈಕೊಟ್ಟ ವರ್ಷ, ಉತ್ತರದ ರಾಜ್ಯಗಳಲ್ಲಿ ಸೆಕೆ ಜಾಸ್ತಿ, ಹೊಲಗಳಲ್ಲಿ ಪಂಪ್‌ಸೆಟ್ ಓಡುತ್ತಲೇ ಇವೆ, ಹಾಗಾಗಿ ಪಶ್ಚಿಮದ ಗ್ರಿಡ್‌ನಿಂದ (ಒಂದಕ್ಕೊಂದು ಜೋಡಿಸಿದ ಸ್ಟೇಷನ್, ಲೈನ್‌ಗಳ ಜಾಲ) ಉತ್ತರಕ್ಕೆ ಕರೆಂಟ್ ವಿಪರೀತ ಹರಿಯುತ್ತಿದೆ. ಆ ದಾರಿಯಲ್ಲಿ ಒಂದಷ್ಟು ಲೈನ್‌ಗಳು ಕೆಲಸಕ್ಕೆ ಅಂತ ಮೊದಲೇ ಬಂದ್ ಆಗಿದ್ದವು. ಉಳಿದಿದ್ದ ಮುಖ್ಯ ದಾರಿ ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ ನಡುವಿನ 400 ಕೆವಿ ಲೈನ್. ಅದು ಟ್ರಿಪ್ ಆಯಿತು, ಅಂದರೆ ತಾನಾಗೇ ಬಂದ್ ಆಯಿತು.

ಯಾರೂ ಅದನ್ನು ಕತ್ತರಿಸಲಿಲ್ಲ. ಮರವೂ ಬೀಳಲಿಲ್ಲ. ಲೈನ್ ಕಾಯುವುದಕ್ಕೆ ರಿಲೇ ಅಂತ ಇರುತ್ತದೆ. ವೋಲ್ಟೇಜ್ ಕುಸಿದು ಲೋಡ್ (ಎಳೆಯುವ ಕರೆಂಟ್) ಏರಿದ್ದನ್ನು ನೋಡಿ, ದೂರದಲ್ಲೆಲ್ಲೋ ಫಾಲ್ಟ್ ಆಗಿದೆ ಅಂದುಕೊಂಡು ಅದು ಬ್ರೇಕರ್ ತೆರೆದು ಲೈನ್ ಬಿಡಿಸಿತು. ಫಾಲ್ಟ್ ಇರಲೇ ಇಲ್ಲ! ಆ ಲೈನ್ ಹೊತ್ತಿದ್ದ ಕರೆಂಟ್ ಪಕ್ಕದ ದಾರಿಗಳಿಗೆ ನುಗ್ಗಿತು. ಅವಕ್ಕೂ ತಡೆಯಲಾಗಲಿಲ್ಲ, ಒಂದಾದ ಮೇಲೊಂದು ಬಿಟ್ಟುಕೊಂಡವು. ತೇರಿನ ಹಗ್ಗ ಹಿಡಿದವರಲ್ಲಿ ಒಬ್ಬ ಕೈಬಿಟ್ಟರೆ ಏನೂ ಆಗುವುದಿಲ್ಲ ಅಲ್ವಾ? ಆದರೆ ಎಲ್ಲರೂ ಮೊದಲೇ ಸುಸ್ತಾಗಿದ್ದಾಗ ಒಬ್ಬ ಬಿಟ್ಟರೆ ಪಕ್ಕದವನ ಕೈಯೂ ಜಾರುತ್ತದೆ. ಹೀಗೆ ಉತ್ತರದ ಗ್ರಿಡ್ ಬೇರೆಯಾಗಿ, ಬೇಕಾದಷ್ಟು ಲೋಡ್ ಕಡಿತವಾಗದೆ, ಪೂರ್ತಿ ಬಿದ್ದಿತು. ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಮತ್ತೆ ಹೀಗೇ ಆಯಿತು. ಆ ಸಲ ಉತ್ತರ, ಪೂರ್ವ, ಈಶಾನ್ಯ ಮೂರೂ ಹೋದವು. ಸುಮಾರು 48,000 ಮೆಗಾವ್ಯಾಟ್ ಲೋಡ್, 60 ಕೋಟಿಗೂ ಹೆಚ್ಚು ಜನ ಇರುವ ಪ್ರದೇಶ.

ಹಾಗಾಗಿ ನಿಮ್ಮ ವಿಲನ್‌ಗಿಂತ ಮೊದಲು ಆ ದಿನವನ್ನು ಕಟ್ಟಿ. ಬರಗಾಲ, ರಿಪೇರಿಗೆ ಕೊಟ್ಟ ಲೈನು, ಲೋಡ್ ಇಳಿಸಿ ಅಂತ ಹೇಳಿದರೂ ಕೇಳದ ರಾಜ್ಯಗಳು. ಇಷ್ಟಿದ್ದರೆ ಒಂದು ಟ್ರಿಪ್ ಸಾಕು. ವಿಲನ್ ಬೇಕೇ ಬೇಕಾ ಅಂತಲೂ ಒಮ್ಮೆ ಯೋಚಿಸಿ. 2003ರಲ್ಲಿ ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊ ಸೇರಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಕೂತರು. ಅಮೆರಿಕದ ಓಹಾಯೋದಲ್ಲಿ ಜೋತುಬಿದ್ದ ಲೈನ್‌ಗಳು ಬೆಳೆದ ಮರಗಳಿಗೆ ತಾಗಿದ್ದವು, ಕಂಟ್ರೋಲ್ ರೂಮಿನ ಅಲಾರಂ ಸಾಫ್ಟ್‌ವೇರ್ ಕೆಟ್ಟು ಕೂತಿತ್ತು. ಪರದೆ ನೋಡುತ್ತಿದ್ದವರಿಗೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತಿತ್ತು. ನನಗೆ ಅದಕ್ಕಿಂತ ಭಯಾನಕ ದೃಶ್ಯ ಇನ್ನೊಂದಿಲ್ಲ.

ಇನ್ನು ಕರೆಂಟ್ ವಾಪಸ್ ಬರುವ ಭಾಗ. ನಿಮ್ಮ ಕಥೆಯ ಜೀವ ಇರುವುದು ಇಲ್ಲೇ. ಗ್ರಿಡ್ ಬೀಳುವುದಕ್ಕೆ ಕೆಲವು ಸೆಕೆಂಡ್ ಸಾಕು, ಎಬ್ಬಿಸಲು ಗಂಟೆಗಟ್ಟಲೆ ಬೇಕು. ಯಾಕೆಂದರೆ ಕಲ್ಲಿದ್ದಲ ಸ್ಟೇಷನ್ ಶುರು ಮಾಡುವುದಕ್ಕೇ ಕರೆಂಟ್ ಬೇಕು. ನೀರೆತ್ತುವ ಪಂಪು, ಫ್ಯಾನು, ಕಲ್ಲಿದ್ದಲು ಪುಡಿ ಮಾಡುವ ಮಿಲ್ಲು, ಎಲ್ಲ ಮೋಟಾರೇ. ಜಲವಿದ್ಯುತ್ ಸ್ಟೇಷನ್ ಆದರೆ ಒಂದು ಡೀಸೆಲ್ ಜನರೇಟರ್ ಇದ್ದರೂ ಗೇಟ್ ತೆರೆದು ಟರ್ಬೈನ್ ತಿರುಗಿಸಬಹುದು. ಅಲ್ಲಿಂದ ಒಂದು ಲೈನ್ ಚಾರ್ಜ್ ಮಾಡಿ (ಅಂದರೆ ಅದಕ್ಕೆ ಕರೆಂಟ್ ಹರಿಸಿ), ಸ್ವಲ್ಪ ಲೋಡ್ ಕೊಟ್ಟು, ಫ್ರೀಕ್ವೆನ್ಸಿ (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಆವರ್ತಿಸುತ್ತದೆ ಅನ್ನುವುದು) 50ರ ಹತ್ತಿರ ನಿಂತಿದೆಯಾ ಅಂತ ನೋಡಿ, ಆಮೇಲೆ ಮುಂದಿನ ಲೈನ್. ಆತುರಪಟ್ಟು ಒಂದೇ ಸಲ ಜಾಸ್ತಿ ಊರುಗಳಿಗೆ ಕೊಟ್ಟರೆ ಕಟ್ಟಿದ್ದೆಲ್ಲ ಮತ್ತೆ ಬೀಳುತ್ತದೆ. ಹೊರಗೆ ಆಸ್ಪತ್ರೆಯವರು ಫೋನ್ ಮಾಡುತ್ತಲೇ ಇರುತ್ತಾರೆ, ಒಳಗೆ ಶಿಫ್ಟ್ ಎಂಜಿನಿಯರ್ "ಇನ್ನೂ ಇಲ್ಲ, ತಡೀರಿ" ಅಂತ ಹೇಳಬೇಕು. ನಿಮ್ಮ ಹೀರೋ ಅವನೇ ಆಗಲಿ.

ಹೊರಗಿನ ದೃಶ್ಯಗಳಿಗೂ 2012 ನೋಡಿ. ದೆಹಲಿ ಮೆಟ್ರೋ ನಿಂತಿತು, ನೂರಾರು ರೈಲು ದಾರಿಯಲ್ಲೇ ಉಳಿದವು, ಬಂಗಾಳ ಮತ್ತು ಜಾರ್ಖಂಡ್‌ನ ಗಣಿಗಳಲ್ಲಿ ಲಿಫ್ಟ್ ಇಲ್ಲದೆ ಕಾರ್ಮಿಕರು ಕೆಳಗೇ ಸಿಕ್ಕಿಕೊಂಡರು. ಬೆಂಗಳೂರಲ್ಲಿ ಕಥೆ ನಡೆದರೆ ನೀರನ್ನು ಮರೆಯಬೇಡಿ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರ, ಪಂಪ್‌ಗಳ ಮೇಲೇ ಬರುತ್ತದೆ.

ಇನ್ನೊಂದು ಮಾತು. ಕಥೆ ಯಾವ ವರ್ಷದ್ದು ಅಂತ ಈಗಲೇ ತೀರ್ಮಾನ ಮಾಡಿ. 2012ರಲ್ಲಿ ನಮ್ಮ ದಕ್ಷಿಣದ ಗ್ರಿಡ್ ಬೀಳಲಿಲ್ಲ, ಯಾಕೆಂದರೆ ಆಗ ಉಳಿದ ದೇಶದ ಜೊತೆ ಅದು ಒಂದೇ ಫ್ರೀಕ್ವೆನ್ಸಿಯಲ್ಲಿ ಓಡುತ್ತಿರಲಿಲ್ಲ. ತಾಲ್ಚೇರ್–ಕೋಲಾರದಂಥ ಡಿಸಿ (ನೇರ ವಿದ್ಯುತ್) ಲಿಂಕ್‌ಗಳ ಮೂಲಕ ಕರೆಂಟ್ ಬರುತ್ತಿತ್ತು, ಆ ಕಡೆಯ ಏರುಪೇರು ಬರುತ್ತಿರಲಿಲ್ಲ. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಚಾರ್ಜ್ ಆಯಿತು, ದೇಶವೆಲ್ಲ ಒಂದೇ ಗ್ರಿಡ್ ಆಯಿತು. ಅದಕ್ಕಿಂತ ಹಿಂದಿನ ಕಥೆಯಾದರೆ ದೆಹಲಿ ಕತ್ತಲಾದ ರಾತ್ರಿ ಬೆಂಗಳೂರಲ್ಲಿ ದೀಪ ಉರಿಯುತ್ತಿರಲಿ.